ಮಳೆಗಾಲದ ಕಪ್ಪೆಗಳ ಚಿತ್ರಣಕ್ಕೆ ಮ್ಯಾಕ್ರೋ ಲೆನ್ಸ್ ಬೇಕೇ, ಟೆಲಿ ಸಾಕೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಮಾನ್ಯರೇ, ಮಳೆ ಹಿಡಿದ ಕೂಡಲೇ ನಮ್ಮ ಅಡಿಕೆ ತೋಟದ ಕೆರೆಯಂಚಿಗೆ ಮಲಬಾರ್ ಹಾರುವ ಕಪ್ಪೆಗಳು ಬಂದು ಸೇರುತ್ತವೆ, ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತವೆ. ಪಕ್ಕದ ಪೊದೆಗಳಲ್ಲಿ ಎರಡು ಸೆಂ.ಮೀ. ಮೀರದ ಪುಟ್ಟ ಪೊದೆಗಪ್ಪೆಗಳೂ ಇವೆ. ನನ್ನಲ್ಲಿರುವುದು ಕ್ಯಾನನ್ನಿನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಮಿರರ್‌ಲೆಸ್ ಕ್ಯಾಮೆರಾ ಮತ್ತು ಹಕ್ಕಿಗಳಿಗೆಂದು ಕೊಂಡ ಆರ್‌ಎಫ್ 100-400 ಮಿ.ಮೀ. ಟೆಲಿ (ದೂರದ್ದನ್ನು ಹತ್ತಿರ ತೋರಿಸುವ) ಲೆನ್ಸ್. ಕೇವಲ 635 ಗ್ರಾಂ ತೂಗುವ ಈ ಲೆನ್ಸನ್ನು ದಿನವಿಡೀ ಹೆಗಲಿಗೆ ಹಾಕಿಕೊಂಡು ತಿರುಗಬಹುದು, 400 ಮಿ.ಮೀ.ನಲ್ಲಿ ಸುಮಾರು ಒಂದು ಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಆದ್ದರಿಂದ ದೊಡ್ಡ ಕಪ್ಪೆಗಳ ಚಿತ್ರಗಳು ತೃಪ್ತಿಕರವಾಗಿವೆ. ಆದರೆ ಪೊದೆಗಪ್ಪೆಗಳು ಚೌಕಟ್ಟಿನಲ್ಲಿ ಚಿಕ್ಕದಾಗಿಯೇ ಉಳಿಯುತ್ತವೆ, ಎಫ್/8ರಷ್ಟು ಕಿರಿದಾದ ಲೆನ್ಸಿನ ಕಿಂಡಿಯಲ್ಲಿ ಸಂಜೆಯ ಬೆಳಕು ಸಾಲುವುದಿಲ್ಲ, ಫ್ಲ್ಯಾಶ್ ಬಳಸಿದರೆ ಒದ್ದೆ ಮೈಮೇಲೆ ಬಿಳಿ ಚುಕ್ಕೆಗಳು ಮೂಡುತ್ತವೆ. ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯಬಲ್ಲ 60, 90, 100 ಮಿ.ಮೀ. ಮ್ಯಾಕ್ರೋಗಳಲ್ಲಿ ಯಾವುದು ಸೂಕ್ತ?

ಉತ್ತರ 1 (ಶಿರಸಿಯಿಂದ)

ಮೊದಲು ಲೆಕ್ಕ ಹಾಕಿ ನೋಡೋಣ. ನಿಮ್ಮ ಟೆಲಿ ಲೆನ್ಸಿನ ಗರಿಷ್ಠ ವರ್ಧನೆ 0.41, ಅಂದರೆ ಎರಡು ಸೆಂ.ಮೀ. ಕಪ್ಪೆಯ ಬಿಂಬ ಸೆನ್ಸರಿನ ಮೇಲೆ ಎಂಟು ಮಿ.ಮೀ.ಗಳಷ್ಟಾಗಿ, ಚೌಕಟ್ಟಿನ ಅಗಲದ ಮೂರನೇ ಒಂದು ಭಾಗವನ್ನು ಮಾತ್ರ ತುಂಬುತ್ತದೆ. ಕಪ್ಪೆಯ ಜೊತೆಗೆ ಎಲೆ, ಹನಿ, ಹಾವಸೆ ಎಲ್ಲವೂ ಕಾಣಬೇಕೆನ್ನುವವರಿಗೆ ಅಷ್ಟು ಧಾರಾಳವಾಗಿ ಸಾಕು, ಮತ್ತು ಜೀವಿಯ ನೆಲೆಯನ್ನು ತೋರಿಸುವ ಅಂಥ ಚಿತ್ರಗಳೇ ನನಗೆ ಹೆಚ್ಚು ಪ್ರಿಯ. ಕಣ್ಣಿನ ಪಾಪೆಯ ಸುತ್ತಲಿನ ಹೊಂಬಣ್ಣದ ಗೆರೆಗಳೇ ಬೇಕೆಂದರೆ ಮ್ಯಾಕ್ರೋ ಕೊಳ್ಳಿ. ಆದರೆ 60 ಮಿ.ಮೀ. ಬೇಡ. ನಿಜಗಾತ್ರದ (ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡ) ಬಿಂಬ ಪಡೆಯಲು ಅದರ ಮೂತಿಯನ್ನು ಕಪ್ಪೆಗೆ ಕೆಲವೇ ಸೆಂ.ಮೀ. ಹತ್ತಿರ ಒಯ್ಯಬೇಕಾಗುತ್ತದೆ, ಅಷ್ಟರಲ್ಲಿ ಕಪ್ಪೆ ನೀರಿಗೆ ಹಾರಿರುತ್ತದೆ. 90 ಅಥವಾ 100 ಮಿ.ಮೀ.ನಲ್ಲಿ ಸುಮಾರು ಹದಿಮೂರು ಸೆಂ.ಮೀ. ಅಂತರವಾದರೂ ಸಿಗುತ್ತದೆ. ನಿಜಗಾತ್ರದಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿ.ಮೀ.ಗಿಂತ ಕಡಿಮೆಯಾದ್ದರಿಂದ ಅರ್ಧಗಾತ್ರದಲ್ಲಿಯೇ ನಿಂತು ತೆಗೆಯುವುದು ಜಾಣತನ.

ಉತ್ತರ 2 (ಮೂಡಿಗೆರೆಯಿಂದ)

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಹೊಸ ಲೆನ್ಸ್ ಅಗತ್ಯ ಎಂಬುದನ್ನು ನಾನು ಒಪ್ಪಲಾರೆ. ನಿಮ್ಮ ಲೆನ್ಸಿನ 67 ಮಿ.ಮೀ. ಫಿಲ್ಟರ್ ದಾರಕ್ಕೆ ಎರಡು ಡಯಾಪ್ಟರಿನ (ಗಾಜಿನ ಶಕ್ತಿಯ ಅಳತೆ), ಎರಡು ಗಾಜುಗಳನ್ನು ಜೋಡಿಸಿ ಮಾಡಿದ ಕ್ಲೋಸ್‌ಅಪ್ ಲೆನ್ಸ್ ತಿರುಗಿಸಿದರೆ, 400 ಮಿ.ಮೀ.ನಲ್ಲಿ, ಅನಂತದಲ್ಲಿ (ಅತಿ ದೂರಕ್ಕೆ) ಫೋಕಸ್ ಇಟ್ಟಾಗಲೇ ಅರ್ಧ ಮೀಟರ್ ದೂರದಿಂದ 0.8ರಷ್ಟು ವರ್ಧನೆ ದೊರೆಯುತ್ತದೆ. ಒಂಟಿ ಗಾಜಿನ ಅಗ್ಗದವು ಅಂಚುಗಳಲ್ಲಿ ನೇರಳೆ ಬಣ್ಣ ತರುತ್ತವೆ, ಅವನ್ನು ಮುಟ್ಟಬೇಡಿ.

ನಿಮ್ಮ ನಿಜವಾದ ತೊಡಕು ಇರುವುದು ಬೆಳಕಿನಲ್ಲಿ. ಒದ್ದೆ ಚರ್ಮ ಕನ್ನಡಿಯಂತೆ ವರ್ತಿಸುವುದರಿಂದ ಫ್ಲ್ಯಾಶ್ ಚಿಕ್ಕದಾಗಿದ್ದಷ್ಟೂ ಅದರ ಪ್ರತಿಬಿಂಬ ಚುಚ್ಚುವ ಬಿಳಿ ಚುಕ್ಕೆಯಾಗುತ್ತದೆ. ಬೆಳಕಿನ ಮೂಲವನ್ನು ಹಿಗ್ಗಿಸಿ ಕಪ್ಪೆಯ ಸಮೀಪಕ್ಕೆ ತಂದರೆ ಅದೇ ಹೊಳಪು ಮೃದುವಾಗಿ ಹರಡಿಕೊಳ್ಳುತ್ತದೆ. ಆದ್ದರಿಂದ ಫ್ಲ್ಯಾಶನ್ನು ಕ್ಯಾಮೆರಾದ ತಲೆಯಿಂದ ಇಳಿಸಿ, ದೂರದಿಂದಲೇ ಅದನ್ನು ಬೆಳಗಿಸುವ ವೈರ್‌ಲೆಸ್ ಟ್ರಿಗರಿಗೆ ಜೋಡಿಸಿ, ಮುಂದೆ ಎ4 ಗಾತ್ರದ ಬಿಳಿ ಫೋಮ್ ಹಾಳೆಯನ್ನು ಬಾಗಿಸಿ ಕಟ್ಟಿ, ಜೊತೆಗಾರರ ಕೈಯಲ್ಲಿ ಮೇಲ್ಗಡೆಯಿಂದ ಹಿಡಿಸಿ. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶಿನ ಬೆಳಕು ಸೆಕೆಂಡಿನ ಕೆಲವು ಸಾವಿರದಲ್ಲೊಂದು ಭಾಗ ಮಾತ್ರ ಇರುವುದರಿಂದ ಕೈನಡುಕವೂ ಕಾಣದು, ಎಫ್/8 ಕೊರತೆಯೆಂದೂ ಅನ್ನಿಸದು.

ಉತ್ತರ 3 (ಸಿದ್ದಾಪುರ, ಉತ್ತರ ಕನ್ನಡ)

ಉಪಕರಣಗಳ ಚರ್ಚೆಯಲ್ಲಿ ಕಪ್ಪೆಯ ಸ್ಥಿತಿಯನ್ನೂ ಪರಿಗಣಿಸಬೇಕಾಗಿದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ, ನೀರು ಹೀರುವ ಜೀವಿ. ಇಂಬಳ (ಜಿಗಣೆ) ಹತ್ತದಿರಲೆಂದು ಹೊಗೆಸೊಪ್ಪು, ಸುಣ್ಣ, ಉಪ್ಪು ಸವರಿಕೊಂಡ ಕೈಯಿಂದ ಅದನ್ನು ಮುಟ್ಟುವುದೇ ಹಾನಿ. ಇತ್ತೀಚೆಗೆ ಹಂಚಿಕೆಯಾಗುವ ಕೆಲವು ಚಿತ್ರಗಳಲ್ಲಿ ಕಪ್ಪೆಯನ್ನು ಹಿಡಿದು ತಂದು, ಅದು ಎಂದೂ ಏರದ ಹೂವಿನ ಮೇಲೆ ಕೂರಿಸಿರುವುದು ಬಲ್ಲವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಅವು ಎಷ್ಟೇ ಚೊಕ್ಕವಾಗಿದ್ದರೂ ನನಗೆ ಬೇಡ. ನಮ್ಮ ಜಿಲ್ಲೆಯಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುತ್ತದೆ. ಹಿಡಿದು ಕೂರಿಸಿದ ಕಪ್ಪೆಯಿಂದ ಇಂಥ ನಡವಳಿಕೆಯ ಒಂದು ಚಿತ್ರವೂ ಸಿಗಲಾರದು. ಟಾರ್ಚಿನ ಬೆಳಕು ತಗ್ಗಿಸಿ ಕಾಯಿರಿ, ನಿಂತ ಕೂಗು ಮತ್ತೆ ಶುರುವಾದ ಮೇಲೆ ಕ್ಯಾಮೆರಾ ಎತ್ತಿ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು ತೊಳೆದು ಒಣಗಿಸಿ, ಏಕೆಂದರೆ ಕಪ್ಪೆಗಳ ಶಿಲೀಂಧ್ರ ರೋಗ ಕೆಸರಿನ ಜೊತೆ ಸಾಗಬಲ್ಲದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕ್ಲೋಸ್‌ಅಪ್ ಲೆನ್ಸ್ ಮತ್ತು ಟ್ರಿಗರ್ ಕೊಳ್ಳಲು ನಿರ್ಧರಿಸಿದ್ದೇನೆ. ಮಳೆಗಾಲದ ತಿಂಗಳುಗಳಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯದಂತೆ ಹೇಗೆ ಇಡುತ್ತೀರಿ?

ಉತ್ತರ 2 ಬರೆದವರು

ಬಟ್ಟೆಯ ಚೀಲದಲ್ಲಂತೂ ಇಡಲೇಬೇಡಿ, ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಚಿಕ್ಕದೊಂದು ತೇವಮಾಪಕ ಇಟ್ಟು, ಅದು ತೋರಿಸುವ ತೇವ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್ಲಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ತೋಟದಿಂದ ಬಂದ ಕೂಡಲೇ ಲೆನ್ಸನ್ನು ಡಬ್ಬಿಗೆ ಹಾಕದೆ, ಒರೆಸಿ, ಒಂದಿಷ್ಟು ಹೊತ್ತು ಫ್ಯಾನಿನ ಗಾಳಿಗೆ ಇಡಿ.