ಸಿಲಿಂಡರ್ ಮಾತು ಹಂಡೆಗೆ ಹೋಯ್ತು

ವಾಟ್ಸಾಪ್ ಗುಂಪಿನ ಹೆಸರು 'ಹಳೇಮನೆ ಬಳಗ'. ಸದಸ್ಯರು 41, ಮಾತಾಡುವವರು ಏಳು. 2025ರ ಜೂನ್ 23, ಸೋಮವಾರ. ಕೊಲ್ಲಿಯ ತೈಲ, ಗ್ಯಾಸಿನ ಹಡಗುಗಳು ದಾಟುವ ಹೊರ್ಮುಜ್ ಜಲಸಂಧಿ ಮುಚ್ಚೋಕೆ ಇರಾನಿನ ಸಂಸತ್ತು ಒಪ್ಪಿತು ಅಂತ ಹಿಂದಿನ ದಿನವಿಡೀ ಟೀವಿಯಲ್ಲಿ ಕೆಂಪು ಪಟ್ಟಿ ಓಡಿತ್ತು.

*ಸುಮಿತ್ರಾ ಅತ್ತೆ, 7:04*
(ಹಲವು ಬಾರಿ ಫಾರ್ವರ್ಡ್ ಆಗಿದೆ)
ತುರ್ತು ಸಂದೇಶ!! ಹೊರ್ಮುಜ್ ಬಂದ್!! ಇನ್ನು 3 ದಿನಕ್ಕೆ ದೇಶದಲ್ಲಿ ಅಡಿಗೆ ಗ್ಯಾಸ್ ಖಾಲಿ. ಸಿಲಿಂಡರ್ 2000 ರೂಪಾಯಿ ಆಗುತ್ತೆ. ಇವತ್ತೇ ಬುಕ್ ಮಾಡಿ. ಗ್ಯಾಸ್ ಮುಗಿಯುತ್ತಾ ಬಂದರೆ ಸಿಲಿಂಡರ್ ಅಡ್ಡ ಮಲಗಿಸಿ ಅಥವಾ ಬಿಸಿನೀರಿನಲ್ಲಿ ಇಡಿ, ಇನ್ನೂ ಒಂದು ವಾರ ಉರಿಯುತ್ತೆ. 10 ಜನಕ್ಕೆ ಕಳಿಸಿ.

*ಸುಮಿತ್ರಾ ಅತ್ತೆ, 7:05*
ನಿಜವೋ ಸುಳ್ಳೋ ಗೊತ್ತಿಲ್ಲ. ಎಲ್ಲರಿಗೂ ಇರಲಿ ಅಂತ ಹಾಕಿದೆ.

*ನಂದನ, 7:09*
ಅತ್ತೆ, ಮೂಲ ಯಾವುದು? ಸಂಸತ್ತು ಒಪ್ಪಿದ್ದು ಹೌದು. ಕೊನೇ ತೀರ್ಮಾನ ಅಲ್ಲಿನ ಸರ್ವೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿಯದ್ದು. ಇನ್ನೂ ಮುಚ್ಚಿಲ್ಲ. ಹಲವು ವಾರಕ್ಕಾಗೋಷ್ಟು ದಾಸ್ತಾನಿದೆ ಅಂತ ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ ನಿನ್ನೆಯೇ ಹೇಳಿದಾರೆ. ಈ '3 ದಿನ' ಎಲ್ಲಿಂದ ಬಂತು?

*ಸುಮಿತ್ರಾ ಅತ್ತೆ, 7:10*
ನನಗೇನು ಗೊತ್ತಪ್ಪ. ನಮ್ಮ ಭಜನೆ ಗುಂಪಲ್ಲಿ ಬಂದಿತ್ತು.

*ನಂದನ, 7:11*
2024ರ ಜನವರಿ 1ಕ್ಕೂ ಅಲ್ಲಿಂದಲೇ ಬಂದಿತ್ತು. ಲಾರಿ ಚಾಲಕರ ಮುಷ್ಕರ, ಪೆಟ್ರೋಲ್ ಸಿಗಲ್ಲ ಅಂತ. ಉತ್ತರದ ಊರಿನ ಬಂಕುಗಳ ವಿಡಿಯೋ ಹಾಕಿ ಇಲ್ಲಿ ಅರ್ಧ ಬಳಗವನ್ನ ಬಂಕಿನ ಮುಂದೆ ನಿಲ್ಲಿಸಿದ್ರಿ.

*ಸುಮಿತ್ರಾ ಅತ್ತೆ, 7:12*
ಹೌದಪ್ಪ, ಎಲ್ಲಾ ನನ್ನದೇ ತಪ್ಪು.

*ದೊಡ್ಡಪ್ಪ, 7:15*
ಎಲ್ಲರಿಗೂ ಶುಭೋದಯ. ಹಿರಿಯರ ಹತ್ತಿರ ಮೂಲ ಕೇಳುವುದು ಒಳ್ಳೆಯ ಲಕ್ಷಣವಲ್ಲ. ಆದರೆ ಸುಮಿತ್ರಾ, ಮುಗಿಬಿದ್ದು ಬುಕ್ ಮಾಡುವುದೂ ಸರಿಯಲ್ಲ. 1973ರಲ್ಲಿ ಪೆಟ್ರೋಲ್ ದರ ಏರಿದಾಗ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. ಈಗಿನವರಿಗೆ ಒಂದು ದಿನ ಕಾಫಿ ತಡವಾದರೆ ಆಕಾಶ ಬಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

*ಗಿರೀಶ (ಗ್ಯಾಸ್ ಏಜೆನ್ಸಿ), 7:20*
ಅತ್ತೆ, ದಯವಿಟ್ಟು ಮಲಗಿಸಬೇಡಿ, ಬಿಸಿನೀರಲ್ಲೂ ಇಡಬೇಡಿ. ಸಿಲಿಂಡರಿನೊಳಗೆ ಇರೋದು ದ್ರವ. ಮೇಲಿನ ಖಾಲಿ ಜಾಗದಲ್ಲಿ ಆವಿ ಇರುತ್ತೆ, ಅದು ಮಾತ್ರ ರೆಗ್ಯುಲೇಟರ್‌ಗೆ ಹೋಗಬೇಕು. ಮಲಗಿಸಿದ್ರೆ ದ್ರವವೇ ಹೋಗುತ್ತೆ. ಒಂದು ಲೋಟ ದ್ರವ ಹೊರಗೆ ಬಂದ್ರೆ ಸುಮಾರು 250 ಲೋಟ ಗ್ಯಾಸ್. ಬರ್ನರಿಂದ ಉರಿ ಆಳೆತ್ತರ ಏಳುತ್ತೆ. ಕಾಯಿಸಿದ್ರೆ ಒಳಗೆ ಒತ್ತಡ ಏರುತ್ತೆ. ಇಷ್ಟೆಲ್ಲ ಮಾಡಿ ಸಿಗೋದು ಒಂದು ಹೊತ್ತಿನ ಅನ್ನ, ಒಂದು ವಾರ ಅಲ್ಲ.

ಎಷ್ಟು ಉಳಿದಿದೆ ನೋಡಬೇಕಾ? ಒದ್ದೆ ಬಟ್ಟೆಯಲ್ಲಿ ಮೇಲಿಂದ ಕೆಳಗೆ ಒಂದು ಪಟ್ಟಿ ಒರೆಸಿ. ದ್ರವ ಇರೋ ಮಟ್ಟದವರೆಗೆ ತಣ್ಣಗಿರುತ್ತೆ, ಅಲ್ಲಿ ತೇವ ತಡವಾಗಿ ಆರುತ್ತೆ. ಮೇಲೆ ಬೇಗ ಆರುತ್ತೆ. ಆ ಗೆರೆಯೇ ಮಟ್ಟ. ಲೋಡ್ ಬಂತು, ಆಮೇಲೆ ಬರ್ತೀನಿ.

*ಸುಮಿತ್ರಾ ಅತ್ತೆ, 7:23*
ಗಿರೀಶ, ನಮ್ಮ ಸಿಲಿಂಡರ್ ಮೇಲೆ ಬಿ-25 ಅಂತ ಬರೆದಿದೆ. ಅವಧಿ ಮುಗಿದ್ರೆ ಸಿಡಿಯುತ್ತಂತೆ?

*ನಂದನ, 7:25*
ಅತ್ತೆ, ಅದು ಗ್ಯಾಸ್ ಕೆಡೋ ತಾರೀಕಲ್ಲ, ಸಿಲಿಂಡರನ್ನ ಮತ್ತೆ ಪರೀಕ್ಷೆಗೆ ಕಳಿಸಬೇಕಾದ ಗಡುವು. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ನಿಮ್ಮದು ಈ ತಿಂಗಳ ಕೊನೆವರೆಗೆ. ಜುಲೈ 1ರಂದು ಬಾಂಬ್ ಆಗಲ್ಲ. ಆದರೆ ಜುಲೈ ಆದಮೇಲೆ ಬಿ-25 ಇರೋದನ್ನ ತಂದುಕೊಟ್ರೆ ತಗೋಬೇಡಿ, ಬದಲಾಯಿಸಿ ಕೊಡಿ ಅನ್ನಿ.

*ಪ್ರತಿಭಾ, 7:31*
ಮೊನ್ನೆ ಬಂದ ಸಿಲಿಂಡರನ್ನ ಈಗ ಹಾಕಿದೆ. ರೆಗ್ಯುಲೇಟರ್ ಆನ್ ಮಾಡಿದ್ರೆ ಸುಯ್ ಅಂತಿದೆ, ಸ್ವಲ್ಪ ವಾಸನೆ. ಆಫ್ ಮಾಡಿದ್ರೆ ನಿಲ್ಲುತ್ತೆ. ಏನಿರಬಹುದು?

*ಮಸ್ಕತ್ ಸುಧಿ, 7:32*
ಮಾವ ಎತ್ತಿನ ಗಾಡಿ ಅಂದಾಗ ಹೊಟ್ಟಿನ ಒಲೆ ನೆನಪಾಯ್ತು!! ಹಳೇಮನೆ ಹಿತ್ತಲಿನದು. ತಗಡಿನ ಡಬ್ಬ, ಬುಡದ ಹತ್ತಿರ ಒಂದು ತೂತು. ಮಧ್ಯ ಒಂದು ಬಾಟಲಿ ನೆಟ್ಟಗೆ, ತೂತಿನಲ್ಲಿ ಇನ್ನೊಂದು ಅಡ್ಡ. ಸುತ್ತ ಮರದ ಹೊಟ್ಟು ಸುರಿದು ಒನಕೆಯಲ್ಲಿ ಗಿಡಿಯಬೇಕು. ಬಾಟಲಿ ತಿರುಗಿಸುತ್ತಾ ಮೆಲ್ಲಗೆ ಎಳೆದ್ರೆ ಕೊಳವೆ ಉಳಿಯುತ್ತೆ. ಕೆಳಗಿನಿಂದ ಕಿಡಿ ಕೊಟ್ರೆ ಗಂಟೆಗಟ್ಟಲೆ ಉರಿ, ಊದೋ ಕೆಲಸವೇ ಇಲ್ಲ.

*ಶಾರದಾ ಚಿಕ್ಕಮ್ಮ (ಸಾಗರ), 7:35*
ಸುಧಿ, ಹೊಟ್ಟು ಸಡಿಲ ಆದ್ರೆ ಅರ್ಧಕ್ಕೇ ಕುಸಿದು ಮನೆಯೆಲ್ಲ ಹೊಗೆ. ತೇವ ಇದ್ರಂತೂ ಹತ್ತೋದೇ ಇಲ್ಲ. ಈಗ ಜೂನ್ ಮಾರಾಯ, ಇಲ್ಲಿ ಮಳೆ ಹೊಯ್ತಾ ಇದೆ. ಕಟ್ಟಿಗೆಯೂ ಹಸಿ, ಅಡಿಕೆ ಸಿಪ್ಪೆಯೂ ಹಸಿ.

*ಮಸ್ಕತ್ ಸುಧಿ, 7:36*
ಆದ್ರೂ ಬಚ್ಚಲ ಒಲೆ, ಆ ತಾಮ್ರದ ಹಂಡೆ, ಆ ಬಿಸಿನೀರು... ಆ ಹಂಡೆ ಈಗ ಎಲ್ಲಿದೆ?

*ಸುಮಿತ್ರಾ ಅತ್ತೆ, 7:37*
ಒಳ್ಳೇ ಪ್ರಶ್ನೆ ಮಗನೆ. ನಾನೂ ಎಷ್ಟೋ ವರ್ಷದಿಂದ ಕೇಳಬೇಕು ಅಂತಿದ್ದೆ.

*ನಂದನ, 7:40*
ವಿಷಯಕ್ಕೆ ಬರೋಣ. 2000 ರೂಪಾಯಿ ಅನ್ನೋದಕ್ಕೂ ಆಧಾರ ಇಲ್ಲ. ಬೆಂಗಳೂರಲ್ಲಿ 14.2 ಕೆಜಿಗೆ ಇವತ್ತು 855.50. ಏಪ್ರಿಲ್‌ನಲ್ಲಿ 50 ಏರಿತು. ಅದಕ್ಕೆ ಮುಂಚೆ 2023ರ ಆಗಸ್ಟ್ ಕೊನೆಗೆ 200, 2024ರ ಮಾರ್ಚ್‌ನಲ್ಲಿ 100 ಇಳಿದಿತ್ತು. ಇಳಿದಾಗ ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ. ಆತಂಕ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ನಾವು ಉರಿಸೋ ಅಡಿಗೆ ಗ್ಯಾಸಿನಲ್ಲಿ ನೂರಕ್ಕೆ ಸುಮಾರು 60 ಭಾಗ ಆಮದು, ಅದರಲ್ಲಿ ಬಹುಪಾಲು ಆ ಜಲಸಂಧಿ ದಾಟಿಯೇ ಬರೋದು. ನಿಜವಾಗಿ ಮುಚ್ಚಿದ್ರೆ ಪೆಟ್ರೋಲ್‌ಗಿಂತ ಮೊದಲು ಬಿಸಿ ತಟ್ಟೋದು ಗ್ಯಾಸಿಗೆ.

*ದೊಡ್ಡಪ್ಪ, 7:43*
ಉಡುಪಿ ಕಡೆಯ ಪಾದೂರಿನಲ್ಲಿ ನೆಲದಡಿ ದೊಡ್ಡ ಸಂಗ್ರಹವಿದೆ ಎಂದು ಪತ್ರಿಕೆಯಲ್ಲಿ ಓದಿದ್ದೇನೆ. ಭಯ ಬೇಡ.

*ನಂದನ, 7:45*
ಪಾದೂರಲ್ಲಿ 25 ಲಕ್ಷ ಟನ್, ಮಂಗಳೂರಲ್ಲಿ 15 ಲಕ್ಷ ಟನ್ ಜಾಗ ಇದೆ ದೊಡ್ಡಪ್ಪ. ಆದರೆ ಅದು ಕಚ್ಚಾ ತೈಲಕ್ಕೆ. ಅದನ್ನ ಶುದ್ಧೀಕರಿಸಿದ್ರೆ ಡೀಸೆಲ್, ಪೆಟ್ರೋಲ್ ಹೆಚ್ಚು, ಅಡಿಗೆ ಗ್ಯಾಸ್ ಸ್ವಲ್ಪವೇ. ಅಕ್ಕಿ ಮೂಟೆ ತೋರಿಸಿ ಬೇಳೆ ಇದೆ ಅಂದ ಹಾಗಾಯ್ತು.

*ದೊಡ್ಡಪ್ಪ, 7:46*
ವಾದ ಮಾಡುವುದು ಒಂದು ಚಟ.

*ಪ್ರತಿಭಾ, 7:52*
ಯಾರಾದ್ರೂ ನನ್ನ ಮೆಸೇಜ್ ನೋಡಿದ್ರಾ? ಮತ್ತೆ ಹಾಕಿ ತೆಗೆದೆ, ಹಾಗೇ ಇದೆ.

*ಶಾರದಾ ಚಿಕ್ಕಮ್ಮ (ಸಾಗರ), 7:53*
ಸುಮಿತ್ರಾ ಅತ್ತಿಗೆ, ಹಂಡೆ ನಮ್ಮ ಬಚ್ಚಲಲ್ಲೇ ಇದೆ. ಯಾರೂ ಕದ್ದುಕೊಂಡು ಹೋಗಿಲ್ಲ. ಪಾಲಾದಾಗ ನಿಮ್ಮ ತಮ್ಮನ ಹೆಸರಿಗೆ ಬರೆದಿದ್ದು ಭಾವನವರೇ.

*ಸುಮಿತ್ರಾ ಅತ್ತೆ, 7:54*
ಬರೆದಿದ್ದು ಕೊಪ್ಪರಿಗೆ. ಹಂಡೆ ಅಲ್ಲ.

*ದೊಡ್ಡಪ್ಪ, 7:55*
ಇಂತಹ ಸಮಯದಲ್ಲಿ ಲೋಹದ ಪಾತ್ರೆಗೆ ಜಗಳ ಬೇಡ. (ಪಟ್ಟಿ ನನ್ನ ಬಳಿ ಇದೆ.)

*ಮಸ್ಕತ್ ಸುಧಿ, 7:56*
ಶಾರದತ್ತೆ, ಗೋಬರ್ ಗ್ಯಾಸ್ ಇನ್ನೂ ನಡೀತಿದ್ಯಾ?

*ಶಾರದಾ ಚಿಕ್ಕಮ್ಮ (ಸಾಗರ), 8:01*
ನಡೀತಿದೆ. ಎರಡು ಘನಮೀಟರಿಂದು. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಅಂದ್ರೆ ನಾಲ್ಕೈದು ದನ ಬೇಕು. ಒಂದು ಘನಮೀಟರ್ ಗೋಬರ್ ಗ್ಯಾಸ್ ಅಂದ್ರೆ ಸಿಲಿಂಡರಿನ ಗ್ಯಾಸ್ ಅರ್ಧ ಕೆಜಿಗೂ ಕೊಂಚ ಕಡಿಮೆ, ಎರಡು ಹೊತ್ತಿನ ಅಡಿಗೆಗೆ ಧಾರಾಳ. ಮಳೆಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸ್ ಕಮ್ಮಿ ಏಳುತ್ತೆ, ಅದಕ್ಕೆ ಉಗುರುಬೆಚ್ಚಗಿನ ನೀರಲ್ಲಿ ಕಲಸ್ತೀನಿ. ಉರಿ ದಡದಡ ಕುಣಿದ್ರೆ ಪೈಪಿನಲ್ಲಿ ನೀರು ನಿಂತಿದೆ ಅಂತ, ತಗ್ಗಿನ ನಲ್ಲಿ ಬಿಚ್ಚಿ ಬಸಿಯಬೇಕು. ಸಿಲಿಂಡರಿನ ಒಲೆಗೆ ಇದನ್ನ ನೇರ ಕೊಡೋಕಾಗಲ್ಲ, ಅದರ ಜೆಟ್ಟಿನ ತೂತು ಸಣ್ಣದು, ಉರಿ ನಿಲ್ಲಲ್ಲ.

*ನಂದನ, 8:04*
ಪೇಟೆಯವರಿಗೆ ಉಳಿದಿರೋದು ಇಂಡಕ್ಷನ್. ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 140 ಯೂನಿಟ್ ಬೇಕು. ಲೆಕ್ಕ ಹೀಗೆ: 14.2 ಕೆಜಿಯಲ್ಲಿರೋ ಶಾಖ ಸುಮಾರು 180 ಯೂನಿಟ್, ಒಲೆಯಲ್ಲಿ ಪಾತ್ರೆಗೆ ತಲುಪೋದು ಮೂರರಲ್ಲಿ ಎರಡು ಪಾಲು. ಇಂಡಕ್ಷನ್‌ನಲ್ಲಿ ನೂರಕ್ಕೆ 85ರಷ್ಟು ತಲುಪುತ್ತೆ. ಯೂನಿಟ್ಟಿಗೆ 5.80, ಮೇಲೆ 36 ಪೈಸೆ ಸರ್ಚಾರ್ಜ್. ಒಟ್ಟು 860ರ ಸುತ್ತ, ತೆರಿಗೆ ಬೇರೆ. ಅಂದ್ರೆ ದುಡ್ಡು ಉಳಿಯಲ್ಲ, ಗ್ಯಾಸ್ ಉಳಿಯುತ್ತೆ. ಗೃಹಜ್ಯೋತಿ ಇರೋರು ಹುಷಾರು: ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ. 10 ದಾಟಿದ್ರೆ ಹೆಚ್ಚಿನದಕ್ಕೆ ಬಿಲ್, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಿಮ್ಮದೇ. 2000 ವ್ಯಾಟಿನ ಒಲೆ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತೆ. ಮಿಕ್ಸಿಯ ಸಣ್ಣ ಸಾಕೆಟ್ಟಿಗೆ ಚುಚ್ಚಿದ್ರೆ ಪ್ಲಗ್ ಕರಗುತ್ತೆ. ಗೀಸರಿನಂಥ 16 ಆಂಪಿಯರ್ ಸಾಕೆಟ್ಟೇ ಬೇಕು.

*ಸುಮಿತ್ರಾ ಅತ್ತೆ, 8:06*
ನನ್ನ ಕಂಚಿನ ಪಾತ್ರೆ ಅದರ ಮೇಲೆ ಆಗುತ್ತಾ?

*ನಂದನ, 8:06*
ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಅಂಟಿದ್ರೆ ಆಗುತ್ತೆ. ಕಂಚು, ತಾಮ್ರ, ಬರೀ ಅಲ್ಯೂಮಿನಿಯಂ ಆಗಲ್ಲ.

*ಸುಮಿತ್ರಾ ಅತ್ತೆ, 8:07*
ತಾಮ್ರ ಆಗಲ್ಲ ಅಂದ್ರೆ ಹಂಡೆ ಇಟ್ಟುಕೊಂಡು ಶಾರದಾ ಏನು ಮಾಡ್ತಾಳೆ?

ಈ ಗುಂಪಿನಲ್ಲಿ ಅತಿ ಹೆಚ್ಚು ನಗುಮುಖಗಳು ಬಿದ್ದಿದ್ದು ಈ ಮಾತಿಗೆ. ಎಂಜಿನಿಯರ್ ನಂದನ ಲೆಕ್ಕದ ನಡುವೆ ಎರಡು ಸಲ ಬಂದ, ದೊಡ್ಡಪ್ಪನ ಮಗಳು ಪ್ರತಿಭಾಳ ಪ್ರಶ್ನೆಯನ್ನು ದಾಟಿಯೇ ಹೋಗಿದ್ದ.

*ಗಿರೀಶ (ಗ್ಯಾಸ್ ಏಜೆನ್ಸಿ), 8:12*
ಪ್ರತಿಭಕ್ಕ!! ಈಗಲೇ ನೋಡಿದೆ. ಫೋನ್ ಹಿಡಿದು ಹೊರಗೆ ಬಾ. ಲೈಟ್, ಫ್ಯಾನ್, ಎಕ್ಸಾಸ್ಟ್ ಹಾಕಬೇಡ, ಹಾಕಿದ್ದನ್ನ ಆರಿಸಲೂಬೇಡ, ಸ್ವಿಚ್ಚಿನ ಕಿಡಿ ಸಾಕು. ದೇವರ ದೀಪ ಉರೀತಿದ್ರೆ ಆರಿಸು. ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ದಾರದಲ್ಲಿ ತೂಗೋ ಪ್ಲಾಸ್ಟಿಕ್ ಮುಚ್ಚಳ ಟಕ್ ಅನ್ನೋ ಹಾಗೆ ಒತ್ತು. ಬಾಗಿಲನ್ನೂ ತೆರಿ, ಕಿಟಕಿ ಒಂದೇ ಸಾಲದು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕೂರುತ್ತೆ.

*ಗಿರೀಶ (ಗ್ಯಾಸ್ ಏಜೆನ್ಸಿ), 8:14*
ನೀನು ಹೇಳಿದ್ದು ನೋಡಿದ್ರೆ ವಾಲ್ವಿನ ಬಾಯಲ್ಲಿರೋ ಕಪ್ಪು ರಬ್ಬರ್ ವಾಷರ್ ಇಲ್ಲ, ಇಲ್ಲಾಂದ್ರೆ ಸೀಳಿದೆ. ಅದಕ್ಕೇ ರೆಗ್ಯುಲೇಟರ್ ಆನ್ ಆದಾಗ ಮಾತ್ರ ಸುಯ್ ಅನ್ನೋದು. ರೆಗ್ಯುಲೇಟರ್ ಇಲ್ಲದೆಯೂ ವಾಸನೆ ಬಂದ್ರೆ ಒಳಗಿನ ಪಿನ್ನಿನದೇ ಸೋರಿಕೆ, ಅದಕ್ಕೆ ಆ ಮುಚ್ಚಳವೇ ಸದ್ಯದ ಮದ್ದು. ಹಳೇ ಸಿಲಿಂಡರಿನ ವಾಷರ್ ಕಿತ್ತು ಹಾಕೋ ಜಾಣತನ ಬೇಡ. ನಿಮ್ಮ ಏಜೆನ್ಸಿಗೆ ಫೋನ್ ಮಾಡು. ಎತ್ತದಿದ್ರೆ 1906, ದಿನದ 24 ಗಂಟೆಯೂ ಇರುತ್ತೆ.

*ನಂದನ, 8:16*
ಅಯ್ಯೋ ಪ್ರತಿಭಾ, ಸಾರಿ. ನಾನು ನೋಡಲೇ ಇಲ್ಲ.

*ದೊಡ್ಡಪ್ಪ, 8:17*
ನಾನು ನೋಡಿದ್ದೆ. ಗಿರೀಶ ಹೇಳುತ್ತಾನೆ ಎಂದು ಸುಮ್ಮನಿದ್ದೆ.

*ಗಿರೀಶ (ಗ್ಯಾಸ್ ಏಜೆನ್ಸಿ), 8:25*
ಎಲ್ಲರಿಗೂ ಹೇಳ್ತೀನಿ. ಸಿಲಿಂಡರ್ ಇಳಿಸಿದಾಗಲೇ ಸೀಲ್ ತೆಗೆಸಿ, ವಾಷರ್ ಇದೆಯಾ ನೋಡಿ, ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಡಿಸಿ. ಗುಳ್ಳೆ ಬಂದ್ರೆ ವಾಪಸ್. ತೂಕ ಮಾಡಿಸಿ. ಹಿಡಿಯ ಪಟ್ಟಿ ಮೇಲೆ ಖಾಲಿ ತೂಕ ಬರೆದಿರುತ್ತೆ, 15.8 ಅಂತಿದ್ರೆ ಒಟ್ಟು 30 ಕೆಜಿ ಬರಬೇಕು. ಕಿತ್ತಳೆ ಬಣ್ಣದ ಪೈಪಿಗೆ ಐದು ವರ್ಷ, ಆಮೇಲೆ ಬದಲಾಯಿಸಿ.

ಇನ್ನು ಮೂರು ದಿನದ ಮಾತು. ಒಂದು ಏಜೆನ್ಸಿಗೆ 9000 ಮನೆ ಅಂದ್ಕೊಳ್ಳಿ. ಮನೆಗೆ 45 ದಿನಕ್ಕೊಂದು ಸಿಲಿಂಡರ್ ಅಂದ್ರೆ ದಿನಕ್ಕೆ 200. ಒಂದು ಲಾರಿಯಲ್ಲಿ ಬರೋದು 306, ಆರಾಮಾಗಿ ಸಾಕು. ಈ ಫಾರ್ವರ್ಡ್ ಓದಿ ಮೂರರಲ್ಲಿ ಒಂದು ಮನೆ ಒಂದೇ ದಿನ ಬುಕ್ ಮಾಡಿದ್ರೆ 3000. ಹತ್ತು ಲಾರಿ ಎಲ್ಲಿಂದ ತರಲಿ? ಲಾರಿ ಸಿಕ್ಕಿದ್ರೂ ಪ್ಲಾಂಟಿನವರು ತುಂಬಿದ್ದು ಕೊಡೋದು ಖಾಲಿಗೆ ಬದಲಾಗಿ. ಡಬಲ್ ಸಿಲಿಂಡರ್ ಇರೋರು ಎರಡೂ ತುಂಬಿಸಿಟ್ಟು ಕೂತ್ರೆ ಖಾಲಿ ತಿರುಗಿ ಬರೋದೇ ಇಲ್ಲ. ಹೊರ್ಮುಜ್ ತೆರೆದಿದ್ರೂ ನಮ್ಮ ಅಂಗಡಿ ಮುಂದೆ ಕ್ಯೂ. ಬೆಳಿಗ್ಗೆಯಿಂದ ಫೋನ್ ಕೆಳಗಿಟ್ಟಿಲ್ಲ, ಅದಕ್ಕೇ ಪ್ರತಿಭಕ್ಕನ ಮೆಸೇಜ್ ತಪ್ಪಿದ್ದು.

*ಶಾರದಾ ಚಿಕ್ಕಮ್ಮ (ಸಾಗರ), 8:29*
ಉಳಿಸಬೇಕು ಅಂದ್ರೆ ಬೇಳೆಯನ್ನ ಅರ್ಧ ಗಂಟೆ ನೆನೆಹಾಕಿ. ಕುಕ್ಕರ್ ಒಂದು ಸೀಟಿ ಆದ್ಮೇಲೆ ಉರಿ ಸಣ್ಣದು ಮಾಡಿ, ಸೀಟಿ ಎಣಿಸ್ತಾ ದೊಡ್ಡ ಉರಿ ಇಟ್ರೆ ಆವಿ ಹೊರಗೆ ಹೋಗುತ್ತೆ ಅಷ್ಟೇ. ಕುಚ್ಚಲಕ್ಕಿಗೆ ಥರ್ಮಲ್ ಕುಕ್ಕರ್: ಒಂದು ಕುದಿ ಬರಿಸಿ ಒಳಗಿಟ್ಟು ಮುಚ್ಚಿದ್ರೆ ತಾನೇ ಬೇಯುತ್ತೆ. ಪಾತ್ರೆ ತಳ ಕಪ್ಪಾಗ್ತಿದ್ರೆ, ಉರಿ ಹಳದಿ ಇದ್ರೆ ಬರ್ನರಿನ ತೂತು ಕಟ್ಟಿದೆ, ಪಿನ್ನು ಹಾಕಿ ಬಿಡಿಸಿ.

*ಸುಮಿತ್ರಾ ಅತ್ತೆ, 8:31*
(ಈ ಸಂದೇಶವನ್ನು ಅಳಿಸಲಾಗಿದೆ)

*ನಂದನ, 8:32*
ಅತ್ತೆ, ಅಳಿಸಿದ್ದು ಏನು? ಬುಕಿಂಗ್ ಆಯ್ತು ಅನ್ನೋ ಮೆಸೇಜ್ ತರ ಇತ್ತು. ಡೆಲಿವರಿ ಕೋಡ್ ಗುಂಪಲ್ಲಿ ಹಾಕಬೇಡಿ. ಆ ನಂಬರ್ ಇದ್ದವರಿಗೇ ಸಿಲಿಂಡರ್.

*ಸುಮಿತ್ರಾ ಅತ್ತೆ, 8:33*
ನಮ್ಮದು ನಿಜವಾಗ್ಲೂ ಮುಗೀತಾ ಬಂದಿತ್ತು. ಒದ್ದೆ ಬಟ್ಟೆ ಒರೆಸಿ ನೋಡಿದೆ.

*ಪ್ರತಿಭಾ, 9:48*
ವಾಷರ್ ಇರಲೇ ಇಲ್ಲ. ಏಜೆನ್ಸಿ ಹುಡುಗ ಬಂದು ಹೊಸದು ಹಾಕಿ, ಸೋಪಿನ ನೀರು ಹಚ್ಚಿ ನೋಡಿದ. ಒಂದು ಗುಳ್ಳೆಯೂ ಇಲ್ಲ. ಥ್ಯಾಂಕ್ಸ್ ಗಿರೀಶ.

*ಸುಮಿತ್ರಾ ಅತ್ತೆ, 9:50*
ದೇವರು ದೊಡ್ಡವನು. ಅದಿರಲಿ ಪ್ರತಿಭಾ, ನಿಂಗೆ ಮೊನ್ನೆಯೇ ಸಿಲಿಂಡರ್ ಬಂತು ಅಂದ್ಯಲ್ಲ, ಬುಕ್ ಮಾಡಿದ್ದು ಯಾವಾಗ?

*ಪ್ರತಿಭಾ, 9:51*
ಗುರುವಾರ ಅತ್ತೆ. ನಾನಲ್ಲ, ಅಪ್ಪನೇ ಮಾಡಿಸಿದ್ದು. ಎರಡೂ ಮನೆಗೆ ಈಗಲೇ ಹಾಕಿಬಿಡು, ಮುಂದೆ ಕಷ್ಟ ಆಗಬಹುದು ಅಂದ್ರು.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ...