ಸಹಾಯ ಬೇಕು: ‘ದಿ ಫ್ಯಾಬ್ಯುಲಸ್ ಬೇಕರ್ ಬಾಯ್ಸ್’ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. 1989ರ ಈ ಸಿನಿಮಾ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಬೇಕಿತ್ತು. ಸಿಯಾಟಲ್‌ನ ಹೋಟೆಲ್ ಲೌಂಜ್‌ಗಳಲ್ಲಿ ಜೋಡಿ ಪಿಯಾನೊ ನುಡಿಸಿ ಹೊಟ್ಟೆ ಹೊರೆಯೋ ಅಣ್ಣತಮ್ಮಂದಿರ ಕಥೆ. ಪಾತ್ರ ಮಾಡಿರೋ ಬೋ ಬ್ರಿಡ್ಜಸ್, ಜೆಫ್ ಬ್ರಿಡ್ಜಸ್ ನಿಜಕ್ಕೂ ಒಡಹುಟ್ಟಿದವರೇ. ಅಣ್ಣನಿಗೆ ಸಂಸಾರದ ಚಿಂತೆ, ತಮ್ಮನಿಗೆ ಜಾಝ್ ಹುಚ್ಚು. ಜಗಳದಲ್ಲಿ ತಮ್ಮ ಅಣ್ಣನ ಬೆರಳು ತಿರುಚೋ ದೃಶ್ಯ ಇದೆಯಲ್ಲ, ಪಿಯಾನೊ ನುಡಿಸೋ ಕೈ ಅದು! ನೋಡಿ ಎದೆ ಝಲ್ಲೆಂದಿತ್ತು.

ನನ್ನ ತಮ್ಮ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸ್ತಾನೆ, ಅವನಿಗೆ ತೋರಿಸಲೇಬೇಕು. ಈಗ ಯಾವ ಓಟಿಟಿಯಲ್ಲಿದೆ? ಕದ್ದ ಕಾಪಿ ಬೇಡ. ಡಿವಿಡಿ ಇರೋರು ಎರಡು ದಿನಕ್ಕೆ ಕೊಟ್ಟರೂ ಸಾಕು, ಬೆಂಗಳೂರಲ್ಲಿ ಎಲ್ಲಿದ್ದರೂ ಬಂದು ತಗೋತೀನಿ. ಹಾಗೇ, ಡೇವ್ ಗ್ರೂಸಿನ್ ಮಾಡಿರೋ ಸಂಗೀತದ ಪಿಯಾನೊ ನೋಟೇಷನ್ ಪುಸ್ತಕ ಯಾರ ಹತ್ತಿರವಾದ್ರೂ ಇದ್ದರೆ ದಯವಿಟ್ಟು ತಿಳಿಸಿ.