ದಾವಣಗೆರೆ ಹುಡುಗಿ, ಯುಎಕ್ಸ್ ಡಿಸೈನರ್ ಆಗೋ ಆಸೆ: ಸಾಲ ಮಾಡಿ ಕೋರ್ಸ್ ಸೇರಲಾ?

ಪ್ರಶ್ನೆ: ಹೋದ ವರ್ಷ ದಾವಣಗೆರೆಯಲ್ಲಿ ಬಿಇ ಮುಗಿಸಿದೆ. ಕೋಡಿಂಗ್ ಒಗ್ಗಲಿಲ್ಲ. ಮೊಬೈಲ್ ಆ್ಯಪ್‌ಗಳ ಯುಎಕ್ಸ್ ಡಿಸೈನ್, ಅಂದ್ರೆ ಬಳಸುವವರಿಗೆ ಸುಲಭವಾಗುವಂತೆ ಆ್ಯಪ್ ರೂಪಿಸೋದು, ಕಲಿಯಬೇಕು ಅಂತಿದೆ. ಬೆಂಗಳೂರಿನ ಒಂದು ಕಡೆ ಆರು ತಿಂಗಳ ಕೋರ್ಸಿಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಪ್ಪ ಸಾಲ ಮಾಡೋಣ ಅಂತಾರೆ. ಈ ಕೆಲಸದಲ್ಲಿ ಇರುವವರು ನಿಮ್ಮ ಅನುಭವ ಹೇಳ್ತೀರಾ?

ಮೊದಲ ಉತ್ತರ: ಸಾಲ ಈಗಲೇ ಬೇಡ ತಂಗಿ. ಮೂರು ತಿಂಗಳು ತಡಿ. ನಾನೂ ನಿಮ್ಮೂರವನೇ, ವಿದ್ಯಾನಗರ. ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ.

ಶುರುವಿನಲ್ಲಿ ಚೆಂದದ ಸ್ಕ್ರೀನ್ ಮಾಡಿಬಿಟ್ಟರೆ ಆಯ್ತು ಅಂದುಕೊಂಡಿದ್ದೆ. ಒಂದ್ಸಲ ಊರಿಗೆ ಬಂದಾಗ ದೊಡ್ಡಪ್ಪನ ಜೊತೆ ಎಪಿಎಂಸಿಗೆ ಹೋದೆ. ಮೆಕ್ಕೆಜೋಳದ ಚೀಲ ಇಳಿಸಿದ ಹಮಾಲರಿಗೆ ದುಡ್ಡು ಕಳಿಸಲು ಅವರು ಫೋನ್ ತೆಗೆದರು. ನಾನು ಕೆಲಸ ಮಾಡಿದ್ದ ಆ್ಯಪೇ ಅದು. ಭಾಷೆ ಕನ್ನಡ ಇಟ್ಟುಕೊಂಡಿದ್ದರು. ‘ಮೊತ್ತ’ ಅಂತ ಇರಬೇಕಾದ ಕಡೆ ಕೆಳಗಿನ ಒತ್ತು ಕತ್ತರಿಸಿ ಹೋಗಿ ‘ಮೊತ’ ಅಂತ ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರ ನೋಡಿ ಇಟ್ಟ ಸಾಲಿನ ಎತ್ತರ ನಮ್ಮ ಒತ್ತಕ್ಷರಕ್ಕೆ ಎಲ್ಲಿ ಸಾಲುತ್ತೆ? ಬಟನ್ ಮೇಲೆ ‘ಮುಂದುವ’ ಅಂತ ಬಂದು ಮೂರು ಚುಕ್ಕಿ. ಬಿಸಿಲಲ್ಲಿ ತಿಳಿ ಬೂದು ಅಕ್ಷರ ಕಾಣದೆ ಅಂಗೈ ಅಡ್ಡ ಹಿಡಿದರು. ಕೊನೆಗೆ ‘ತಗಾ, ನೀನೇ ಒತ್ತು’ ಅಂತ ಫೋನ್ ನನ್ನ ಕೈಗಿಟ್ಟರು. ಆ ಬೂದು ಬಣ್ಣ ಆರಿಸಿದ್ದು ನಾನೇ. ದೊಡ್ಡಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದ್ರೆ ಬೆಳಕಿನ ವ್ಯತ್ಯಾಸ, 4.5:1ಕ್ಕಿಂತ ಕಡಿಮೆ ಇರಬಾರದು, ಆಂಡ್ರಾಯ್ಡ್‌ನಲ್ಲಿ ಬೆರಳು ಒತ್ತುವ ಜಾಗ ಕನಿಷ್ಠ 48 ಡಿಪಿ (ಸ್ಕ್ರೀನಿನ ಅಳತೆಯ ಮಾನ) ಇರಬೇಕು. ಇಂಥದ್ದೆಲ್ಲ ಪುಕ್ಕಟೆ ಓದಲು ಸಿಗುತ್ತೆ. ಸ್ಕ್ರೀನ್ ಬಿಡಿಸೋ ಸಾಫ್ಟ್‌ವೇರ್ ಫಿಗ್ಮಾ ಕೂಡ ಪುಕ್ಕಟೆ ಸಿಗುತ್ತೆ, ಕಲಿಯೋಕೆ ಅಷ್ಟು ಸಾಕು. ಜನ ಎಲ್ಲಿ ತಡವರಿಸ್ತಾರೆ ಅಂತ ಪಕ್ಕದಲ್ಲಿ ಕೂತು ನೋಡೋದು ಮಾತ್ರ ನೀನೇ ಮಾಡಬೇಕು. ಬಾಯಿ ಬಿಡಬೇಡ, ‘ಇಲ್ಲಿ ಒತ್ತಿ’ ಅಂತ ತೋರಿಸಬೇಡ. ಇದೇ ಭಾಳ ಕಷ್ಟ. ಒಂದು ಸುತ್ತಿನ ಪರೀಕ್ಷೆಗೆ ಐದು ಜನ ಸಾಕು ಅಂತ ಈ ಕ್ಷೇತ್ರದ ಹೆಸರಾಂತ ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದಾರೆ.

ಈಗ ನಾನೇ ಇಂಟರ್‌ವ್ಯೂ ಮಾಡ್ತೀನಿ. ಮಾಡಿದ ಕೆಲಸ ತೋರಿಸೋಕೆ ತರೋ ಪೋರ್ಟ್‌ಫೋಲಿಯೊಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಅದೇ ಊಟ ತರಿಸೋ ಆ್ಯಪ್, ಅದೇ ಬಣ್ಣ. ನೋಡಿ ನೋಡಿ ಸಾಕಾಗಿದೆ. ನೀನು ಎಪಿಎಂಸಿಯದ್ದೊಂದು ತಗೊಂಡು ಬಾ. ಏನು ತಪ್ಪಾಯ್ತು, ಆಮೇಲೆ ಏನು ಬದಲಾಯಿಸಿದೆ ಅಂತ ಬರಿ.

ಎರಡನೇ ಉತ್ತರ: ನಾನು ಚಿತ್ರದುರ್ಗದವಳು. ಕೋರ್ಸ್ ಬೇಡವೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಮನೆಯಲ್ಲಿ ಒಬ್ಬಳೇ ಕೂತು ಕಲಿತು ನನಗೆ ತಲೆ ಕೆಟ್ಟಿತ್ತು, ತಿದ್ದುವವರೇ ಇರಲಿಲ್ಲ. ಆದರೆ ದುಡ್ಡು ಹಾಕುವ ಮೊದಲು ಸೀಡ್ (CEED), ಅಂದ್ರೆ ಡಿಸೈನ್ ಸ್ನಾತಕೋತ್ತರ ಪದವಿಯ ಪ್ರವೇಶ ಪರೀಕ್ಷೆ ನೋಡಿ. ಐಐಟಿ ಬಾಂಬೆ ಜನವರಿಯಲ್ಲಿ ನಡೆಸುತ್ತೆ. ಬಿಇ ಆದವರು ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಆ ಪದವಿ, ಎಂ.ಡೆಸ್, ಇದೆ. ನನಗೆ ಎರಡನೇ ಸಲಕ್ಕೆ ಸೀಟು ಸಿಕ್ಕಿತು. ಅದಕ್ಕೂ ಮೊದಲು ಒಂದು ಸಣ್ಣ ಕಂಪನಿಯಲ್ಲಿ ಡಿಸೈನರ್ ಅಂತ ಸೇರಿ ಇಡೀ ವರ್ಷ ಯುಗಾದಿ, ದೀಪಾವಳಿ ಶುಭಾಶಯದ ಪೋಸ್ಟರ್ ಮಾಡಿದ್ದೆ! ಕೆಲಸಕ್ಕೆ ಸೇರುವಾಗ ಬಳಕೆದಾರರ ಜೊತೆ ಮಾತಾಡೋಕೆ ಬಿಡ್ತೀರಾ ಅಂತ ಕೇಳಿ.

ಮೂರನೇ ಉತ್ತರ: ನಾನು ಆಂಡ್ರಾಯ್ಡ್ ಡೆವಲಪರ್. ಕೋಡಿಂಗ್ ಪೂರ್ತಿ ಮರೀಬೇಡಿ. ನೆಟ್ ಹೋದಾಗ ಸ್ಕ್ರೀನ್ ಹೇಗಿರಬೇಕು, ಪಟ್ಟಿ ಖಾಲಿ ಇದ್ದಾಗ ಏನು ಕಾಣಬೇಕು ಅಂತ ಬರೆದು ಕೊಡುವ ಡಿಸೈನರ್ ಸಿಕ್ಕರೆ ನಮಗೆ ಹಬ್ಬ. ಇನ್ನು ಮೊದಲ ಕೆಲಸ ಊರಲ್ಲೇ ಕೂತು ಸಿಗೋದು ಕಷ್ಟ, ಸುಮ್ನೆ ಆಸೆ ಹುಟ್ಟಿಸಲ್ಲ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಕೋರ್ಸಿನವರಿಗೆ ಈಗ ಬೇಡ ಅಂದೆ. ಸಂಜೆ ನಮ್ಮ ಮಾವನ ಮಂಡಕ್ಕಿ ಅಂಗಡಿಯಲ್ಲಿ ಎರಡು ತಾಸು ಕೂತಿದ್ದೆ. ದುಡ್ಡು ಬಂತಾ ಅಂತ ನೋಡಲು ಅವರು ಆ್ಯಪ್ ತೆಗೆಯೋದೇ ಇಲ್ಲ, ಸೌಂಡ್ ಬಾಕ್ಸ್ ಕೂಗಬೇಕು. ಅದು ಕೂಗದಿದ್ದಾಗ ಗಿರಾಕಿಯ ಫೋನನ್ನೇ ಇಸ್ಕೊಂಡು ನೋಡ್ತಾರೆ. ಬರೆದಿಟ್ಟುಕೊಂಡಿದ್ದೀನಿ.